ಗಂಟೆ ಕಟ್ಟುವ ಮೊದಲು

ಜನವರಿ ಬಂತೆಂದರೆ ಪೆರ್ನಿಕ್ ಬಳಿಯ ನಮ್ಮ ಹಳ್ಳಿಯ ಗಂಡಸರು ಕುರಿಚರ್ಮ ಹೊದ್ದು, ಮುಖವಾಡ ಹಾಕಿ, ಸೊಂಟಕ್ಕೆ ಭಾರದ ಗಂಟೆಗಳನ್ನು ಕಟ್ಟಿ ಕುಣಿಯುತ್ತಾರೆ. ಆ ಸದ್ದಿಗೆ ಕೆಟ್ಟದ್ದೆಲ್ಲ ಊರು ಬಿಡುತ್ತದಂತೆ. ಕಳೆದ ವರ್ಷ ಪಕ್ಕದ ಮನೆಯ ಮಿತ್ಕೊ ಕುಣಿಯುತ್ತಲೇ ಕುಸಿದ, ಏಳಲಿಲ್ಲ. ಅವನಪ್ಪ ಹೋದದ್ದೂ ಅದೇ ಗಂಟೆ ಕಟ್ಟಿಕೊಂಡೇ. ಈ ಸಲ ಕಟ್ಟಲು ಮಿತ್ಕೊನ ತಮ್ಮ ದೋಬ್ರಿ ನಿಂತಿದ್ದ.

"ನಮ್ಮ ಮನೆ ಗಂಡಸರು ಹಾಸಿಗೆ ಹಿಡಿದು ನರಳೋರಲ್ಲ ಅಕ್ಕಾ, ನಿಂತ ನಿಲುವಿನಲ್ಲೇ ಹೋಗ್ತೀವಿ" ಎಂದು ನನ್ನೆದುರೇ ಜಂಬ ಕೊಚ್ಚಿದ.

ನನ್ನ ಮಗಳು ಜೊರ್ನಿತ್ಸಾ ಡಾಕ್ಟರೇಟ್ ಮುಗಿಸಿ, ಈಗ ಸೋಫಿಯಾದ ಪ್ರಯೋಗಾಲಯದಲ್ಲಿ ಹೃದಯದ ಕಾಯಿಲೆಗಳ ಸಂಶೋಧನೆ ಮಾಡುತ್ತಾಳೆ.

"ಅದು ಜಂಬ ಅಲ್ಲ ಚಿಕ್ಕಪ್ಪ, ಕಾಯಿಲೆ" ಎಂದಳು. "ವಂಶದಲ್ಲೇ ಬಂದಿರಬಹುದು."

"ಡಾಕ್ಟರೇಟ್ ಆದ್ಮೇಲೂ ಓದು ಮುಗೀಲಿಲ್ವಾ ನಿಂದು? ಮಾತ್ರೆ ಬರೆಯೋಕೂ ಬರಲ್ಲ, ಎಂಥಾ ಡಾಕ್ಟರಮ್ಮ ನೀನು?"

ನನಗೂ ನಗು ಬಂತು. ಅವಳು ನಗಲಿಲ್ಲ. "ಬೇಸಿಗೇಲಿ ನನ್ನ ಸಂಶೋಧನೆಗೆ ರಕ್ತ ಕೊಟ್ಟಿದ್ರಲ್ಲ, ಅದೇನಾಯ್ತು ಅಂತ ಬಂದು ನೋಡಿ" ಎಂದಳು. ಸೋಫಿಯಾಗೆ ನಾನೂ ಜೊತೆಗೆ ಹೋದೆ.

ಸೂಕ್ಷ್ಮದರ್ಶಕದಲ್ಲಿ ಮೊದಲು ದೋಬ್ರಿ ಕಣ್ಣಿಟ್ಟ, ಆಮೇಲೆ ನಾನು. ಬೆರಳಗಲದ ತಟ್ಟೆಯೊಳಗೆ ಏನೋ ಮಿಡಿಯುತ್ತಿತ್ತು. ದೇಹವಿಲ್ಲ, ಉಸಿರಿಲ್ಲ, ಆದರೂ ಮಿಡಿಯುತ್ತಿತ್ತು. ಚರ್ಚಿನಲ್ಲಿ ಮಾಡುವ ಹಾಗೆ ತಲೆವಸ್ತ್ರ ಸರಿಮಾಡಿಕೊಂಡೆ.

"ನಿಮ್ಮ ರಕ್ತದ ಕಣಗಳಿಂದ ಬೆಳೆಸಿದ ಹೃದಯದ ಜೀವಕೋಶಗಳು ಚಿಕ್ಕಪ್ಪ. ಪಕ್ಕದ ತಟ್ಟೇಲಿರೋದು ಕಾಯಿಲೆ ಇಲ್ಲದವರದ್ದು."

ಪಕ್ಕದ್ದು ಒಂದೇ ತಾಳದಲ್ಲಿ ಮಿಡಿಯುತ್ತಿತ್ತು. ಅವನದ್ದು ಓಡುತ್ತಿತ್ತು, ತಡೆಯುತ್ತಿತ್ತು, ಮತ್ತೆ ಓಡುತ್ತಿತ್ತು. ದೋಬ್ರಿ ಮತ್ತೆ ಬಗ್ಗಿ ಎರಡನ್ನೂ ನೋಡಿದ.

"ಮಿತ್ಕೊದೂ ಹೀಗೇ ಇತ್ತಾ?"

"ಇದ್ದಿರಬಹುದು. ನೋಡಿದೋರು ಯಾರೂ ಇಲ್ಲ. ನಿಮ್ಮದಾದ್ರೂ ಆಸ್ಪತ್ರೇಲಿ ನೋಡ್ಸೋಣ. ಇದು ಬರೀ ಸಂಶೋಧನೆ, ಕಾಯಿಲೆ ಇದೆಯೋ ಇಲ್ವೋ ಅಂತ ಹೇಳಬೇಕಾದೋರು ಅಲ್ಲಿನ ಡಾಕ್ಟರು."

ಇಸಿಜಿ ಮಾಡಿದರು, ಎಕೋ ಸ್ಕ್ಯಾನ್ ಮಾಡಿದರು. ಅವನ ಹೃದಯದ ಗೋಡೆ ದಪ್ಪಗಾಗಿತ್ತು. ಮಾತ್ರೆ ಕೊಟ್ಟು, ಭಾರ ಹೊತ್ತು ಕುಣಿಯಬಾರದೆಂದರು. ಅವನ ಮಗಳು ನೆವೇನಾಳನ್ನೂ ಪರೀಕ್ಷಿಸಿದರು. ವಂಶವಾಹಿ ಪರೀಕ್ಷೆಯೂ ಆಯಿತು, ದೋಬ್ರಿಯಲ್ಲಿ ದೋಷ ಕಂಡಿತು. ಆ ದೋಷ ಅವಳಿಗೆ ಬಂದಿರಲಿಲ್ಲ. ದೋಬ್ರಿ ಅತ್ತದ್ದು ಆಗ.

ಈ ಜನವರಿಯಲ್ಲಿ ಆ ಮನೆಯ ಗಂಟೆಗಳನ್ನು ಕಟ್ಟಿದವಳು ನೆವೇನಾ. ದೋಬ್ರಿ ರಸ್ತೆ ಬದಿಯಲ್ಲಿ ನನ್ನ ಪಕ್ಕ ನಿಂತಿದ್ದ.

"ಹುಡುಗಿ ಕೈಲಿ ಕಟ್ಟಿಸಿದ್ಯಲ್ಲೋ ದೋಬ್ರಿ, ನಿನ್ನ ಮನೇಲಿ ಗಂಡಸರಿಲ್ವಾ?" ಎಂದು ಯಾರೋ ಕುಟುಕಿದರು.

"ಅವಳ ಹಾರ್ಟು ನೋಡ್ಸಿದ್ದಾಯ್ತು ಕಣಪ್ಪ. ನಿಂದು ನೋಡ್ಸಿದೀಯಾ?" ಎಂದ.

ನಾನೂ ನಿಮ್ಮನ್ನು ಅದನ್ನೇ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದವರು ಸಣ್ಣ ವಯಸ್ಸಿನಲ್ಲಿ ದಿಢೀರನೆ ಹೋಗಿದ್ದಾರೆಯೇ? ಹಣೆಬರಹವೆಂದು ಸುಮ್ಮನಿರಬೇಡಿ, ಸುಖದ ಸಾವೆಂದು ಹೊಗಳಬೇಡಿ. ಅವರ ಒಡಹುಟ್ಟಿದವರನ್ನೂ ಮಕ್ಕಳನ್ನೂ ಹೃದಯದ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಮುಂದಿನ ಗಂಟೆ ಕಟ್ಟುವ ಮೊದಲೇ ಹೋಗಿ.