ಮಾವನವರ ಕೂಗು

ಮಾವನಿಗೆ ಬುತ್ತಿ ಹಿಡಿದು ಹೊಳೆಯ ದಡಕ್ಕೆ ಬಂದ ಸಿನಾರು ಅಲ್ಲೇ ನಿಂತಳು. ಆಚೆ ದಡದಲ್ಲಿ ನೆರೆಮನೆಯ ಕೆರ್ಗಿಲ್ ಬಂಡೆಯ ಮೇಲೆ ಕೋವಿ ಊರಿ, ಅದೇ ದಡದ ಪೊದೆಯೊಂದಕ್ಕೆ ಗುರಿ ಹಿಡಿದಿದ್ದ. ಪೊದೆಯೊಳಗಿಂದ ಬೆದೆಗೆ ಬಂದ ಗಂಡುಜಿಂಕೆಯ ಕೂಗು ಎದ್ದು, ಕೊನೆಗೆ ಕೆಮ್ಮಿನಲ್ಲಿ ಮುರಿಯಿತು. ಆ ಕೆಮ್ಮು ಅವಳಿಗೆ ಗೊತ್ತು. ಅದು ಮಾವನದು. ಮರದ ಕೊಳವೆಯಲ್ಲಿ ಉಸಿರೆಳೆದು ಜಿಂಕೆ ಕರೆಯುವುದರಲ್ಲಿ ಅಲ್ತಾಯಿ ಬೆಟ್ಟಗಳ ಆ ಕಣಿವೆಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

"ಹೊಡೀಬೇಡ ಕೆರ್ಗಿಲಣ್ಣ, ಅದು ನಮ್ಮ ಮಾವ" ಎಂದು ಕೂಗಿದಳು.

"ಮಾವನೇ ಕಣಮ್ಮ, ನಂಗೊತ್ತಿಲ್ವಾ? ಕೊನೇಲಿ ಕೆಮ್ಮಿದ್ದು ಕೇಳಿದ್ಯಲ್ಲ, ವಯಸ್ಸಾದ ಮಾವನೇ. ಮೆಲ್ಲಗೆ ಮಾತಾಡು, ಓಡಿಹೋಗ್ತಾನೆ."

ತಪ್ಪು ಅವನದಲ್ಲ. ಮಾವನ ಹೆಸರು ಸಿಗಿನ್. ಅವರ ನುಡಿಯಲ್ಲಿ ಸಿಗಿನ್ ಎಂದರೆ ಗಂಡುಜಿಂಕೆಯೇ. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ತರುವ ಹಾಗಿಲ್ಲವಲ್ಲ, ಮದುವೆಯಾದಂದಿನಿಂದ ಅವಳು ಗಂಡುಜಿಂಕೆಗಳನ್ನೆಲ್ಲ ಮಾವ ಎಂದೇ ಕರೆಯುತ್ತಿದ್ದಳು. 'ಮೂವರು ಮಾವಂದಿರು ಹೊಳೇಲಿ ನೀರು ಕುಡೀತಿದ್ರು' ಎಂದು ಅವಳು ಹೇಳಿದ್ದನ್ನು ನೆನೆದು ಊರು ಇಂದಿಗೂ ನಗುತ್ತಿತ್ತು. ಈಗ ರೂಢಿ ಮುರಿದು ಹೆಸರನ್ನೇ ಕೂಗೋಣವೆಂದರೆ, ಅದು ಸಿಗಿನ್ ಎಂದ ಮೇಲೆ ಅವನು ಹೊಡೆಯದೆ ಬಿಟ್ಟಾನೆಯೇ?

ಪೊದೆ ಅಲುಗಿತು. ಕೆರ್ಗಿಲ್‌ನ ಬೆರಳು ಬಿಗಿಯಿತು.

"ಕೊಂಬಿಲ್ಲದ ಮಾವ!"

"ಹೆಣ್ಣಾ? ಹೆಣ್ಣು ಹೀಗೆ ಕೂಗಲ್ಲಮ್ಮ."

"ಪಿಂಚಣಿ ತಗೊಳ್ಳೋ ಮಾವ! ಗೊರಕೆ ಹೊಡೆಯೋ ಮಾವ! ಹಲ್ಲುಸೆಟ್ಟನ್ನ ಲೋಟದಲ್ಲಿಟ್ಟು ಮಲಗೋ, ಗಂಜಿಗೆ ಉಪ್ಪಿಲ್ಲ ಅಂತ ದಿನಾ ಸಿಡುಕೋ ಮಾವ!"

ಕೋವಿಯ ಮೂತಿ ಮೆಲ್ಲಗೆ ಇಳಿಯಿತು. ಪೊದೆಯಿಂದ ಮುದುಕ ಎದ್ದು ನಿಂತ. ಉಳಿದುದಕ್ಕೆಲ್ಲ ಮಂದವಾದ ಆ ಕಿವಿಗೆ ಉಪ್ಪಿನ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು. ಸೊಸೆಯತ್ತ ಅವನು ನೋಡಲೇ ಇಲ್ಲ.

"ಎಷ್ಟು ಕವಲಿನ ಕೊಂಬು ಅನ್ಕೊಂಡಿದ್ಯೋ?" ಎಂದು ಕೆರ್ಗಿಲ್‌ನನ್ನು ಕೇಳಿದ.

ಕೆರ್ಗಿಲ್ ಕೋವಿಯ ತೋಟಾ ಹೊರತೆಗೆದ. "ಹನ್ನೆರಡು ಅನ್ಕೊಂಡೆ, ಅಜ್ಜ."

"ಹದಿನಾಲ್ಕು" ಎಂದ ಮುದುಕ.

ಆಮೇಲೆ ಪಾಚಿಗಲ್ಲುಗಳ ಮೇಲೆ ತಡವರಿಸುತ್ತ ಹೊಳೆ ದಾಟತೊಡಗಿದ. ದಡಕ್ಕೆ ಇನ್ನೊಂದು ಹೆಜ್ಜೆ ಇರುವಾಗ ಕಾಲು ಜಾರಿತು. ಹೆಂಗಸರ ನೆರಳೂ ಸೋಕಬಾರದೆಂದು ಇಷ್ಟು ವರ್ಷ ಎತ್ತರದ ಗೂಟಕ್ಕೆ ನೇತುಹಾಕುತ್ತಿದ್ದ ಕೊಳವೆಯನ್ನು ಅವಳತ್ತ ಚಾಚಿದ.

"ಹಿಡ್ಕೋ."

ಸಿನಾರು ಬುತ್ತಿ ಕೆಳಗಿಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದರ ಬಾಯಿ ಇನ್ನೂ ಬೆಚ್ಚಗಿತ್ತು.