ಸಂಜೆ ಹಚ್ಚಿದ ಎಣ್ಣೆ

ಒಲೆಯ ಮೇಲಿನ ಗಂಜಿ ಉಕ್ಕಿ ಬೂದಿಗೆ ಬೀಳುತ್ತಿದ್ದರೂ ರಮಾಬಾಯಿಗೆ ಅದರ ಮೇಲೆ ಗಮನವಿರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಅವಳ ತಮ್ಮ ಅರುಣ ಜ್ವರದಿಂದ ಕೆಂಡದಂತೆ ಸುಡುತ್ತಿದ್ದ. ಶಿಕಾರಿಪುರದ ಕಡೆಯ ತಾಂಡಾದಿಂದ ಇಬ್ಬರೂ ಸೊರಬದ ಕುಪ್ಪಗಡ್ಡೆಗೆ ಕೂಲಿಗೆಂದು ಬಂದಿದ್ದರು. ಕಾಡಿನಲ್ಲಿ ಉದುರಿದ ಒಣ ಎಲೆ ಗುಡಿಸಿ ಜಮೀನಿನ ಯಜಮಾನ ಶೇಷಪ್ಪನವರ ಗೊಬ್ಬರದ ಗುಂಡಿಗೆ ತುಂಬುವ ಕೆಲಸ. ಎರಡು ಹೊರೆ ಒಟ್ಟಿಗೆ ಹೊತ್ತು ತರುತ್ತಿದ್ದ ಹುಡುಗ ಈಗ ಕಣ್ಣು ಬಿಡಲೂ ಆಗದೆ ನರಳುತ್ತಿದ್ದ.

"ಮೈಕೈ ನೋವಿನ ಮಾತ್ರಿ ತಂದೀನಿ, ಬಾಯಿ ತೆಗಿಯಪ್ಪ," ಎಂದಳು. ಅವನು ಬಾಯಿ ತೆರೆದಾಗ ಒಸಡಿನಲ್ಲಿ ರಕ್ತ ಕಂಡಿತು. ಅವಳು ಮಾತ್ರೆಯನ್ನು ಅವನ ಪಕ್ಕದಲ್ಲೇ ಇಟ್ಟುಬಿಟ್ಟಳು.

ಅಷ್ಟರಲ್ಲಿ ಶೇಷಪ್ಪ ಬಾಗಿಲಿಗೆ ಬಂದರು. "ಎಂತಾಯ್ತೇ? ಇನ್ನೂ ಎದ್ದಿಲ್ವಾ?"

"ಬಾಯಾಗ ರಕ್ತ ಬರ್ತೈತ್ರೀ!"

ಶೇಷಪ್ಪನವರ ಮುಖ ಬಿಳಿಚಿತು. "ಬಸ್ಸು ಹತ್ತಿಸ್ತೇನೆ, ಊರಿಗೆ ಕರ್ಕೊಂಡು ಹೋಗು. ಇಲ್ಲಿ ಮಂಗನ ಕಾಯಿಲೆ ಅಂತ ಗುಲ್ಲೆದ್ರೆ ನಾಳೆಯಿಂದ ಒಬ್ಬ ಆಳೂ ಈ ಕಡೆ ತಲೆ ಹಾಕೂದಿಲ್ಲ."

"ಮಂಗನ ಕಾಯಿಲಿ ಅಂದ್ರೇನ್ರೀ?"

ಅವರು ನಾಲಿಗೆ ಕಚ್ಚಿಕೊಂಡರು. ಊರಿನ ಮಕ್ಕಳಿಗೂ ಗೊತ್ತಿದ್ದ ಹೆಸರು, ದಿನಾ ಕಾಡಿಗೆ ಹೋಗುವವಳ ಕಿವಿಗೆ ಬಿದ್ದೇ ಇರಲಿಲ್ಲ ನೋಡಿ! ರಮಾಬಾಯಿ ಕೂಡಲೇ, ಕಾಡಿಗೆ ಹೋಗುವವರಿಗೆಂದು ಎಣ್ಣೆ ಹಂಚಿದ್ದ ಆಶಾ ಕಾರ್ಯಕರ್ತೆ ಚೈತ್ರಶ್ರೀಗೆ ಫೋನು ಮಾಡಿದಳು.

ಚೈತ್ರಶ್ರೀ ಸ್ಕೂಟಿ ಇಳಿದವಳೇ ಹುಡುಗನ ಹಣೆ ಮುಟ್ಟಿ, ಒಸಡು ನೋಡಿದಳು. "ಎಣ್ಣೆ ಕೊಟ್ಟಿದ್ನಲ್ಲ, ಹಚ್ಚಲಿಲ್ವಾ?"

"ಒಂದಿನಾನೂ ಬಿಟ್ಟಿಲ್ಲಕ್ಕ. ದಿನಾ ಸಂಜಿಗೆ, ಜಳಕ ಆದ ಮ್ಯಾಲೆ, ಕೈಕಾಲಿಗೆ ನಾನೇ ತಿಕ್ಕೀನಿ."

"ಸಂಜೆಗಾ?"

"ಮೈನೋವಿಗೆ ಅಲ್ಲೇನ್ರೀ? ದುಡಿದು ಬಂದ ಮ್ಯಾಲೆ ತಾನೆ ಎಣ್ಣಿ ಹಚ್ಚೋದು?"

ತಾಂಡಾದಲ್ಲಿ ಅಜ್ಜಿಯ ಕಾಲದಿಂದ ನಡೆದುಕೊಂಡು ಬಂದದ್ದೇ ಅದು. ಕೆಲಸಕ್ಕೆ ಹೊರಡುವ ಮೊದಲು ಮೈಗೆ ಜಿಡ್ಡು ಬಳಿದುಕೊಳ್ಳುವವರು ಯಾರಿದ್ದಾರೆ?

"ಅದು ನೋವಿನ ಎಣ್ಣೆ ಅಲ್ಲ ಮಾರಾಯ್ತಿ," ಎಂದಳು ಚೈತ್ರಶ್ರೀ. "ಕಾಡಲ್ಲಿ ಉಣುಗು, ಅದೇ ರಕ್ತ ಹೀರೋ ಹುಳ, ಕಚ್ಚಬಾರದು ಅಂತ, ಹೋಗೋಕೆ ಮುಂಚೆ ಹಚ್ಚೋದು. ಉಣುಗಿನಿಂದಲೇ ಈ ಜ್ವರ ಬರೋದು. ಅಯ್ಯೋ, ಅಲ್ಲಿಟ್ಟಿರೋ ಆ ಮಾತ್ರೆ ಕೊಡಬೇಡ! ನೋವಿನ ಮಾತ್ರೆಯಿಂದ ರಕ್ತ ಹೋಗೋದು ಇನ್ನೂ ಜೋರಾಗಬಹುದು."

ರಮಾಬಾಯಿ ಮಾತ್ರೆಯನ್ನು ಒಲೆಗೆ ಎಸೆದಳು. ಪ್ರೀತಿಯಿಂದ ತಿಕ್ಕಿದ ತನ್ನ ಕೈಗಳನ್ನೇ ನೋಡಿಕೊಂಡು ಗಳಗಳನೆ ಅತ್ತಳು.

"ಸೊರಬದ ಆಸ್ಪತ್ರೆಗೆ ಈಗಲೇ ಹೋಗ್ಬೇಕು. ಶೇಷಪ್ಪಣ್ಣ, ಕಾರು ತೆಗೀರಿ."

"ನಂಗೇನು ಕರುಳಿಲ್ವಾ?" ಶೇಷಪ್ಪ ಗೊಣಗಿದರು. "ಆಳು ಸಿಗದೆ ಹೋದ ವರ್ಷ ಶುಂಠಿ ಮಣ್ಣಲ್ಲೇ ಕೊಳೀತು. ಅದು ನಿಂಗೊತ್ತಾ?"

"ಶುಂಠಿ ಮತ್ತೆ ಬೆಳೀಬಹುದು."

ಶೇಷಪ್ಪ ಅರುಣನ ಮುಖ ನೋಡಿದರು. ತುಟಿಯ ಅಂಚಿಗೆ ರಕ್ತ ಇಳಿದಿತ್ತು. ಕಾರಿನ ಕೀಲಿ ತರಲು ಓಡಿದರು.

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯಾಯಿತು, ಡ್ರಿಪ್ ಹಾಕಿದರು. ಮಂಗನ ಕಾಯಿಲೆಯೇ ಎಂಬುದು ಖಚಿತವಾಯಿತು. ಮರುದಿನವೂ ರಮಾಬಾಯಿ ಹೊರಗಿನ ಬೆಂಚು ಬಿಟ್ಟು ಕದಲಲಿಲ್ಲ. ಸಂಜೆಯ ಹೊತ್ತಿಗೆ ಡಾಕ್ಟರು ಹೊರಬಂದು, "ರಕ್ತ ನಿಂತಿದೆ. ಇನ್ನೂ ಕೆಲವು ದಿನ ಇಲ್ಲೇ ಇರಲಿ," ಎಂದರು. ಒಳಗೆ ಅರುಣ ಅಕ್ಕನನ್ನು ಕೇಳುತ್ತಿದ್ದ. ಅವಳು ಅವನಿಗೆ ನೀರು ಕುಡಿಸಿ ಬಂದಳು.

ಆಗಲೇ ತಾಂಡಾದಿಂದ ಗೆಳತಿ ಕರುಣಾಳ ಫೋನು ಬಂತು. ಅವಳೂ ಇನ್ನಷ್ಟು ಹುಡುಗ ಹುಡುಗಿಯರೂ ಬೆಳಗಿನ ಬಸ್ಸಿಗೆ ಇದೇ ಕೆಲಸಕ್ಕೆ ಹೊರಟಿದ್ದರು.

ರಮಾಬಾಯಿ ಬೆಂಚಿನ ತುದಿಯಲ್ಲಿ ಕೂತಿದ್ದ ಶೇಷಪ್ಪನವರ ಕಡೆ ನೋಡಿದಳು. ಅವರು ನಿಟ್ಟುಸಿರುಬಿಟ್ಟು, "ಹೇಳು. ಬರದಿದ್ರೆ ಬರದೇ ಇರ್ಲಿ," ಎಂದರು.

ಅವಳಿಗೆ ನಾಚಿಕೆಯಾಯಿತು. ಆದರೂ ಹೇಳಿದಳು. ತಾನು ಯಾವ ಹೊತ್ತಿಗೆ ಎಣ್ಣೆ ಹಚ್ಚಿದೆ, ಯಾವ ಹೊತ್ತಿಗೆ ಹಚ್ಚಬೇಕಿತ್ತು, ಜ್ವರ ಬಂದರೆ ಎಲ್ಲಿಗೆ ಓಡಬೇಕು, ಯಾವ ಮಾತ್ರೆ ಮುಟ್ಟಬಾರದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು.

"ಹ್ಞೂಂ, ತಿಳೀತು ಬಿಡು," ಎಂದಳು ಕರುಣಾ.

"ಹಂಗನ್ನಬ್ಯಾಡ ಕರುಣಾ. ಎಣ್ಣಿ ಕೊಟ್ಟಾಗ ನಾನೂ ಹಂಗೇ ಅಂದು ತಲಿ ಆಡಿಸಿದ್ದೆ," ಎಂದು ರಮಾಬಾಯಿ ಕಣ್ಣೊರೆಸಿಕೊಂಡಳು. "ಏನು ತಿಳೀತು, ಮೊದಲಿಂದ ನೀನೇ ಹೇಳು. ನಾನು ಕೇಳ್ತೀನಿ."