ಹಾಲವ್ವ ಕೆಲಸಕ್ಕೆ ಬಾರದ ಇಂಜಿನಿಯರ್ ಆದದ್ದು

ಬನಹಟ್ಟಿಯ ಗಂಗಾಂಬಿಕಾಳಿಗೆ ಯಾರಿಗೂ ‘ಇಲ್ಲ’ ಅಂದು ಗೊತ್ತಿರಲಿಲ್ಲ. ಮನೆಯ ಮಹಡಿಯ ಕೋಣೆಯಲ್ಲಿ ಕುಳಿತು ಪುಣೆಯ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದಳು. ಜೊತೆಯವರು ಕೆಡಿಸಿದ್ದನ್ನು ತಾನೇ ತಿದ್ದಿ, ಆಮೇಲೆ ಅವರಿಗೇ ‘ಬಹಳ ಚೆನ್ನಾಗಿ ಮಾಡಿದ್ದೀರಿ’ ಎಂದು ಮೆಸೇಜು ಕಳಿಸುವ ಹೆಂಗಸು. ಇಂಥವಳು ಹೈದರಾಬಾದಿನ ಬೇರೊಂದು ಕಂಪನಿಯಲ್ಲಿ ಇಂಜಿನಿಯರಿಂಗ್ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಅವಳ ಮ್ಯಾನೇಜರ್ ಶುದ್ಧ ಕತ್ತೆ. ಕತ್ತೆ ಮಾಡುವ ಕೆಲಸವನ್ನು ತಾನೇಕೆ ಮಾಡಬಾರದು ಅನ್ನಿಸಿತ್ತು.

ಇಂಟರ್‌ವ್ಯೂದ ಮೊದಲೆರಡು ಸುತ್ತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿದವು. ಅಲ್ಲಿ ಕೇಳಿದ್ದೆಲ್ಲ ಕಂಪ್ಯೂಟರಿನ ವಿಷಯ. ಕೊನೆಯ ಸುತ್ತು ಮಾತ್ರ ಮನುಷ್ಯರದು. ‘ಕೈಕೆಳಗಿನವರು ಕೆಲಸ ಸರಿಯಾಗಿ ಮಾಡದಿದ್ದರೆ ಹೇಗೆ ಹೇಳುತ್ತೀರಿ? ಹಿಂದೆ ಯಾರಿಗಾದರೂ ಹೇಳಿದ್ದೀರಾ?’ ಇಂಥ ಪ್ರಶ್ನೆಗಳು ಬರುತ್ತವೆ ಎಂದು ಗೊತ್ತಿತ್ತು. ಅದಕ್ಕೆಂದೇ ಅವಳು ಒಂದು ಕಥೆ ಕಟ್ಟಿಕೊಂಡು, ಪಕ್ಕದ ಮನೆಯ ಮಗ್ಗಗಳ ಖಟಪಟ ಕೇಳದಿರಲೆಂದು ಕಿಟಕಿಗೆ ಹೊದೆಯುವ ಕೌದಿ ಇಳಿಬಿಟ್ಟು, ಕನ್ನಡಿಯ ಮುಂದೆ ಇಂಗ್ಲಿಷಿನಲ್ಲಿ ಒದರುತ್ತಿದ್ದಳು.

ಅತ್ತೆ ಹಾಲವ್ವ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಹಾಲವ್ವ ಎರಡು ಸಲ ಆರಿಸಿ ಬಂದು, ಮೂರನೆಯ ಸಲ ಸೋತ ಮಾಜಿ ನಗರಸಭೆ ಸದಸ್ಯೆ. ಸೋತದ್ದನ್ನು ಅವಳು ಈಗಲೂ ಒಪ್ಪಿಕೊಂಡಿರಲಿಲ್ಲ.

“ಕನ್ನಡಿ ಮುಂದ ನಿಂತು ಯಾರಿಗೆ ಬೈಯಾಕತ್ತಿ?”

ಗಂಗಾಂಬಿಕಾ ಇದ್ದದ್ದನ್ನು ಹೇಳಿದಳು. ಹಾಲವ್ವನ ಕಣ್ಣು ಮಿಂಚಿದವು.

“ಕನ್ನಡಿ ಏನ ತಿರಗಿ ಮಾತಾಡ್ತೈತಿ? ನಾ ಕುಂದರ್ತೇನಿ. ನಾ ಯಾರಂತ ಹೇಳ ಮೊದಲ.”

“ನೀವು ನನ್ನ ಕೈಯಾಗಿನ ಇಂಜಿನಿಯರ್ ರೀ, ಅತ್ತಿಯವರ. ಶಿವಾಜಿ ಅಂತ ಹೆಸರ. ಕೆಲಸ ಬರೋಬ್ಬರಿ ಮಾಡಾಕತ್ತಿಲ್ಲ. ಅದನ್ನ ನಾ ನಿಮಗ ಹೇಳಬೇಕು.”

“ಗಂಡಸನ್ಯಾ? ಆಗವಲ್ದ್ಯಾಕ.” ಹಾಲವ್ವ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಳು. “ಹೂಂ, ಹೇಳ್ರಿ ಮೇಡಂ.”

“ಶಿವಾಜಿಯವರ, ನಿಮ್ಮ ಕೆಲಸ ಭಾಳ ಛಲೋ ಇರ್ತೈತ್ರಿ, ಆದ್ರ…”

“ಛಲೋ ಐತಿ ಅಂದ್ರಿಲ್ಲೊ? ಆತು. ನಾ ಬರ್ತೇನಿ.” ಹಾಲವ್ವ ಎದ್ದು ಬಾಗಿಲವರೆಗೆ ಹೋದಳು.

ಕರೆದು ಕೂರಿಸಿ ಮತ್ತೆ ಸುರುಮಾಡಬೇಕಾಯಿತು. ಈ ಸಲ ಗಂಗಾಂಬಿಕಾ ನೇರವಾಗಿ, “ನಿಮ್ಮ ಕೆಲಸ ಸರಿ ಇಲ್ರಿ” ಅಂದಳು. ಹಾಲವ್ವ ಸೆರಗನ್ನು ಬಾಯಿಗೆ ಹಚ್ಚಿಕೊಂಡಳು. ಚುನಾವಣೆ ಸೋತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

“ಯಪ್ಪಾ! ಮನ್ಯಾಗ ಹೇಂತಿ ಬಸರಿ ಅದಾಳ! ಅವ್ವಗ ಶುಗರ್ ಐತಿ! ದಿಕ್ಕಿಲ್ಲದಾಂವ ಅಂತ ನನ್ನ ಮ್ಯಾಲ ಹಗಿ ಸಾಧಸ್ತೀರಿ? ನಮ್ಮ ಮಂದಿ ಕರಕೊಂಡ ಬಂದು ನಿಮ್ಮ ಆಫೀಸ ಮುಂದ ಧರಣಿಗೆ ಪೆಂಡಾಲ ಹಾಕಸ್ತೇನಿ!”

“ಅಳಬ್ಯಾಡ್ರಿ ಶಿವಾಜಿಯವರ. ತಪ್ಪಾತು. ನಿಮಗ ಪ್ರಮೋಶನ್ ಕೊಡಸ್ತೇನಿ,” ಎಂದುಬಿಟ್ಟಳು ಗಂಗಾಂಬಿಕಾ.

ಹಾಲವ್ವ ತಟ್ಟನೆ ಅಳು ನಿಲ್ಲಿಸಿ, “ಇಂಥಾಕಿನ್ನ ಯಾವ ಹುಚ್ಚ ಕಂಪನಿ ತಗೋತೈತಿ?” ಎಂದಳು. “ಮತ್ತೊಮ್ಮೆ ಹೇಳ. ಜೋರಾಗಿ.”

ಸಿಟ್ಟು ಬಂದದ್ದರಿಂದ ಈ ಸಲ ದನಿ ಸರಿಯಾಗಿಯೇ ಬಂತು. “ಹಿಂಗ ಆದ್ರ ನಡ್ಯಾಂಗಿಲ್ಲ! ನಾಳಿಂದ ನಿಮ್ಮ ಕೆಲಸ ಇಲ್ಲ!” ಹಾಲವ್ವ ಎದೆ ಬಡಿದುಕೊಂಡು, “ನನ್ನ ತಗದ ಹಾಕಿದ್ಲ ರೀ, ತಗದ ಹಾಕಿದ್ಲು!” ಎಂದು ಬೊಬ್ಬೆ ಹೊಡೆದಳು. ಕಿಟಕಿಗೆ ಹಾಕಿದ ಕೌದಿ ಮಗ್ಗದ ಸದ್ದು ತಡೆದೀತು, ಹಾಲವ್ವನನ್ನು ತಡೆಯುವಷ್ಟು ದಪ್ಪದ್ದಾಗಿರಲಿಲ್ಲ. ಕೆಳಗೆ ನೂಲಿನ ಗಿರಾಕಿಗಳೊಡನೆ ಕುಳಿತಿದ್ದ ಗಂಡ ಕಲ್ಮೇಶ ಎರಡೆರಡು ಮೆಟ್ಟಿಲು ಹಾರಿ ಬಂದ. ಅವನ ಹಿಂದೆಯೇ ಪಕ್ಕದ ಮನೆಯ ಸಿದ್ದಕ್ಕ ಬಂದಳು.

“ಏನ ಅಂದಿ ನಮ್ಮವ್ವಗ?” ಕಲ್ಮೇಶ ಹೆಂಡತಿಯ ಮೇಲೆ ಹರಿಹಾಯ್ದ.

“ಈ ವಯಸ್ಸಿನ್ಯಾಗ ಅತ್ತಿನ್ನ ದುಡಸ್ಕೊಂಡು, ಕೆಲಸಿಲ್ಲ ಅಂತಾಳಲ್ಲೊ ಯವ್ವ!” ಸಿದ್ದಕ್ಕ ಗಲ್ಲಕ್ಕೆ ಕೈ ಹಚ್ಚಿದಳು.

ಇಲ್ಲಿಗಾದರೂ ಹಾಲವ್ವ ನಿಲ್ಲಿಸಬಹುದಿತ್ತು. ಆದರೆ ನೋಡುವ ಮಂದಿ ಬಂದ ಮೇಲೆ ನಿಲ್ಲಿಸಿ ಅವಳಿಗೆ ರೂಢಿಯಿಲ್ಲ. ಸಿದ್ದಕ್ಕನ ಕೈ ಹಿಡಿದು, “ನನ್ನ ಹೇಂತಿ ಬಸರಿ ಅದಾಳ, ಸಿದ್ದಕ್ಕಾ!” ಎಂದು ಗೋಳಿಟ್ಟಳು.

ಸಿದ್ದಕ್ಕ ಕೈ ಬಿಡಿಸಿಕೊಂಡು, ಕಲ್ಮೇಶನನ್ನು ಬದಿಗೆ ಕರೆದು, “ಜಮಖಂಡ್ಯಾಗ ತಲಿ ಡಾಕ್ಟರ್ ಒಬ್ಬಾಂವ ಛಲೋ ಅದಾನಂತ” ಎಂದು ಪಿಸುಗುಟ್ಟಿದಳು. ಹಾಲವ್ವನಿಗೆ ಆಗ ನಗು ತಡೆಯಲಾಗಲಿಲ್ಲ. ವಿಷಯ ತಿಳಿದ ಕಲ್ಮೇಶ ಹಣೆ ಹಣೆ ಬಡಿದುಕೊಂಡು ಕೆಳಗಿಳಿದ. ಸಿದ್ದಕ್ಕ ಮಾತ್ರ ಏನನ್ನೂ ನಂಬದೆ ಮನೆಗೆ ಹೋದಳು.

ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ವರ್ಷದಲ್ಲಿ ಅವರು ಹಾಗೆ ಕೂಡಿ ನಕ್ಕದ್ದು ಅದೇ ಮೊದಲು. ಕಣ್ಣೊರೆಸಿಕೊಂಡ ಹಾಲವ್ವ ಉಮೇದಿನಲ್ಲಿ ಹೇಳಿದಳು:

“ಶಿವಾಜಿ ಸತ್ತ. ಈಗ ನನಗ ಹೇಳ. ನಂದ ಏನೇನ ತಪ್ಪ ಅದಾವು? ಖರೆ ಹೇಳ. ನಾ ಏನ ಬ್ಯಾಸರ ಮಾಡ್ಕೊಳ್ಳಾಂಗಿಲ್ಲ.”

ಈ ಮಾತನ್ನು ನಂಬಿದ ಸೊಸೆ ಬನಹಟ್ಟಿಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಗಂಗಾಂಬಿಕಾ ನಂಬಿದಳು.

“ನಾ ಮೀಟಿಂಗ್‌ನ್ಯಾಗ ಇದ್ದಾಗ ಹುಣಸಿ ಬೀಜ ಬಿಡಸು ಅಂತ ಮೊರ ತಂದ ಇಡ್ತೀರಿ. ಬಂದ ಮಂದಿಗೆಲ್ಲ ‘ನಮ್ಮ ಸೊಸಿ ಮ್ಯಾಲ ಸುಮ್ನ ಕುಂತಿರ್ತಾಳ’ ಅಂತೀರಿ. ಫ್ರಿಜ್ ತಂದಾಕಿ ನಾ, ‘ಕಲ್ಮೇಶ ತಂದ’ ಅಂತ ಓಣಿಗೆಲ್ಲ ಹೇಳಿದ್ರಿ.” ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಆದರೆ ಕಟ್ಟೆ ಒಡೆದಿತ್ತು. “ನನ್ನ ಮಗಳಿಗೆ ನಾ ರಾಧಿಕಾ ಅಂತ ಹೆಸರ ಆರಿಸಿದ್ದೆ. ತೊಟ್ಲದಾಗ ಹಾಕೂ ದಿನ ನನಗ ಕೇಳದನ ನಿಮ್ಮವ್ವನ ಹೆಸರ ಇಟ್ರಿ. ಈಗೂ ಕಾವೇರಿ ಅಂತ ಕರಿಯೂವಾಗೆಲ್ಲ ನನಗ ಮೊದಲ ರಾಧಿಕಾ ಅಂತನ ಬಾಯಿಗೆ ಬರ್ತೈತಿ.”

ಹಾಲವ್ವ ಅಳಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ. “ಆತು” ಎಂದು ಎದ್ದು, ಗೋಡೆ ಹಿಡಿದುಕೊಂಡು ಕೆಳಗಿಳಿದಳು. ಮರುದಿನ ಬೆಳಿಗ್ಗೆ ಚೀಲ ಹಿಡಿದು ಮುಧೋಳದ ಮಗಳ ಮನೆಗೆ ಹೊರಟುಬಿಟ್ಟಳು. ಕಲ್ಮೇಶ ಎಷ್ಟು ಕೇಳಿದರೂ ಹೇಳಿದ್ದು ಒಂದೇ ಮಾತು: “ಹೋಗಬೇಕ ಅನಸೇತಿ.”

“ನಿನ್ನ ಇಂಟರ್‌ವ್ಯೂ ಸಲುವಾಗಿ ನಮ್ಮವ್ವನ್ನ ಮನಿ ಬಿಡಿಸಿದಿ ನೋಡ,” ಎಂದು ಕಲ್ಮೇಶ ಎರಡು ದಿನ ಅನ್ನದ ಜೊತೆ ಅದನ್ನೇ ಕಲಸಿ ತಿಂದ.

ಮೂರನೆಯ ದಿನ ಮಧ್ಯಾಹ್ನ ಇಂಟರ್‌ವ್ಯೂ ಇತ್ತು. ಪರದೆಯ ಮೇಲೆ ಮೂವರು. ಮುಖ್ಯಸ್ಥೆ ಅಂಜನಾ, ನಗುವನ್ನು ಬಾಡಿಗೆಗೂ ಇಟ್ಟುಕೊಂಡಿರದಂಥ ಹೆಂಗಸು. ಅವಳು ಬಂದದ್ದೇ ಆ ಪ್ರಶ್ನೆಗೆ: ಯಾರಿಗಾದರೂ ಕಹಿಯಾದ ಸತ್ಯ ಹೇಳಿದ್ದುಂಟೇ?

ಗಂಗಾಂಬಿಕಾ ಕಟ್ಟಿಟ್ಟ ಕಥೆ ಸುರು ಮಾಡಿದಳು. ಅದರಲ್ಲಿ ಒಬ್ಬ ಕಿರಿಯ ಇಂಜಿನಿಯರ್ ಬೈಸಿಕೊಂಡು, ಉದ್ಧಾರವಾಗಿ, ಕೊನೆಗೆ ಕಣ್ತುಂಬಿ ಧನ್ಯವಾದ ಹೇಳಬೇಕಿತ್ತು. ಎರಡನೇ ವಾಕ್ಯಕ್ಕೇ ತನ್ನ ಸುಳ್ಳು ತನಗೇ ಹೇಸಿಗೆಯೆನಿಸಿತು. ಅವಳು ನಿಲ್ಲಿಸಿದಳು.

“ಕ್ಷಮಿಸಿ. ಇದು ನಡೆದದ್ದಲ್ಲ. ನಿಜವಾಗಿ ನಾನು ಹೇಳಿದ್ದು ಒಮ್ಮೆ ಮಾತ್ರ, ಈ ವಾರವೇ. ನನಗಿಂತ ಹಿರಿಯರೊಬ್ಬರಿಗೆ.”

“ಪರಿಣಾಮ?”

“ಊರು ಬಿಟ್ಟು ಹೋದರು.”

“ಅಂದರೆ, ಕಂಪನಿ ಬಿಟ್ಟರೇ?”

“ಇಲ್ಲ, ಮನೆ ಬಿಟ್ಟರು. ಅವರು ನಮ್ಮ ಅತ್ತೆ.”

ಮೂವರಲ್ಲಿ ಒಬ್ಬಾತ ನಗು ಮುಚ್ಚಲು ಸರಕ್ಕನೆ ತನ್ನ ಕ್ಯಾಮೆರಾ ಬಂದ್ ಮಾಡಿದ. ಅಂಜನಾ ಮಾತ್ರ ನಗದೆ, ಹೇಳಿದ್ದು ತಪ್ಪಾಯಿತೇ ಎಂದು ಕೇಳಿದಳು.

“ಹೇಳಿದ್ದು ತಪ್ಪಲ್ಲ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು, ಒಂದೇ ಸಲ ತಲೆಯ ಮೇಲೆ ಸುರಿದದ್ದು ತಪ್ಪು. ಫ್ರಿಜ್ಜಿನ ಮಾತನ್ನು ಫ್ರಿಜ್ಜು ಬಂದ ದಿನವೇ ಆಡಬೇಕಿತ್ತು. ಆಗ ಅದು ಬರೀ ಫ್ರಿಜ್ಜಿನ ಜಗಳವಾಗಿರುತ್ತಿತ್ತು.”

“ಆಯಿತು,” ಎಂದಳು ಅಂಜನಾ. ಅಷ್ಟೇ. ಕಂಪ್ಯೂಟರ್ ಮುಚ್ಚಿದ ಗಂಗಾಂಬಿಕಾಗೆ ಈ ನೌಕರಿ ಕೈತಪ್ಪಿತೆನ್ನುವುದು ಖಚಿತವಾಗಿತ್ತು. ಸೀರೆ ಬದಲಿಸಿ, ಮಹಾಲಿಂಗಪುರದ ಮೇಲೆ ಹಾಯ್ದು ಹೋಗುವ ಬಸ್ಸು ಹಿಡಿದು ಮುಧೋಳಕ್ಕೆ ಹೋದಳು.

ಹಾಲವ್ವ ಮಗಳ ಮನೆಯ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಸೊಸೆಯನ್ನು ಕಂಡು ಮೊರವನ್ನು ತುಸು ಸರಿಸಿ ಜಾಗ ಮಾಡಿದಳು. ಸೊಸೆ ಪಕ್ಕಕ್ಕೆ ಕುಳಿತು ತಾನೂ ಸುಲಿಯತೊಡಗಿದಳು.

“ಹೇಳಿದ್ದು ಖರೆ ಐತ್ರಿ,” ಎಂದಳು ಗಂಗಾಂಬಿಕಾ. “ಆದ್ರ ಹಂಗ ಹೇಳಬಾರದಿತ್ತು.”

“ನಿಂದ ಆತು. ಈಗ ನನ್ನ ಪಾಳಿ,” ಎಂದಳು ಹಾಲವ್ವ. “ನೀ ಎಂದರ ನನಗ ಒಲ್ಲೆ ಅಂದಿ? ಹುಣಸಿ ತಂದ ಇಟ್ರ ‘ಹೂಂರಿ’ ಅಂದಿ. ಹೆಸರ ಇಟ್ರ ‘ಹೂಂರಿ’ ಅಂದಿ. ನಗತೀ, ಮ್ಯಾಲ ಹೋಗ್ತಿ, ಕದ ಹಾಕೋತಿ. ಸಿಟ್ಟ ಬಂದೈತೋ ಸಂತೋಷ ಆಗೇತೋ ದೇವರಿಗೇ ಗೊತ್ತ. ನಮ್ಮ ಮನ್ಯಾಗ ಸೊಸಿ ಅದಾಳೋ, ಬಾಡಿಗಿಗೆ ಯಾರರ ಇದ್ದಾರೋ ಅಂತ ನನಗ ತಿಳಿದಿಲ್ಲ. ಎದರಾಡಾಕರ ಮಂದಿ ಬೇಕಲ್ಲ ಮನ್ಯಾಗ?”

ಗಂಗಾಂಬಿಕಾಗೆ ಅಳು ಬಂತು. ಇದು ಅವಳ ಲೆಕ್ಕದಲ್ಲಿ ಇರಲೇ ಇಲ್ಲ.

“ಅಳಬ್ಯಾಡ. ನಿನಗ ಅಳಾಕ ಬರೂದಿಲ್ಲ, ಮಾರಿ ಕೆಟ್ಟ ಕಾಣತೈತಿ,” ಎಂದು ಹಾಲವ್ವ ಸೆರಗಿನ ತುದಿ ಕೊಟ್ಟಳು. “ಹೆಸರಿನ ವಿಷಯದಾಗ ಮಾತ್ರ ನಂದ ತಪ್ಪ. ಆದ್ರ ಈಗ ಬದಲ ಮಾಡಾಕ ಬರೂದಿಲ್ಲ, ಹುಡಿಗಿ ಸಾಲಿಗೆ ಹೊಂಟಾಳ.”

ಆ ರಾತ್ರಿ ಅಲ್ಲೇ ಇದ್ದು ಮರುದಿನ ಇಬ್ಬರೂ ಕೂಡಿಯೇ ಊರಿಗೆ ಬಂದರು.

ಕಂಪನಿಯಿಂದ ಉತ್ತರ ಬಂದದ್ದು ಮುಂದಿನ ವಾರ. ಅವಳು ಕೇಳಿದ್ದ ಹುದ್ದೆಯ ದೊಡ್ಡ ತಂಡವನ್ನು ಬೇರೆಯವರಿಗೆ ಕೊಟ್ಟಿದ್ದರು. ಹೊಸದಾಗಿ ಕಟ್ಟುತ್ತಿರುವ ಮೂವರ ತಂಡವೊಂದಿದೆ, ಒಪ್ಪಿಗೆಯಾದರೆ ಮ್ಯಾನೇಜರ್ ಆಗಿ ಬನ್ನಿ ಎಂದಿದ್ದರು. ಗಂಗಾಂಬಿಕಾ ಒಪ್ಪಿಕೊಂಡಳು.

“ಮೂರ ಮಂದಿನ?” ಹಾಲವ್ವ ಮೂಗು ಮುರಿದಳು. “ನಮ್ಮ ವಾರ್ಡಿನ್ಯಾಗ ನಳದ ಮುಂದ ಜಗಳಾಡೂ ಮಂದಿನ ಇದಕಿಂತ ಹೆಚ್ಚ ಇರ್ತಿದ್ರು.” ಆದರೂ ಓಣಿಯಲ್ಲಿ ಆ ಮೂವರು ಹೇಗೋ ಮೂವತ್ತಾದರು. ಅವರನ್ನು ಆಳುವುದನ್ನು ಕಲಿಸಿಕೊಟ್ಟವರು ಯಾರೆಂಬುದೂ ಎಲ್ಲರಿಗೂ ತಿಳಿಯಿತು.

ಆ ಸಂಜೆ ಊಟಕ್ಕೆ ಕುಳಿತಾಗ ಹಾಲವ್ವ ರೊಟ್ಟಿ ಮುರಿದು, “ಬದನಿಕಾಯಿಗೆ ಉಪ್ಪ ಹೆಚ್ಚಾಗೇತಿ” ಅಂದಳು.

“ಇಲ್ರಿ,” ಎಂದಳು ಗಂಗಾಂಬಿಕಾ. “ಬರೋಬ್ಬರಿ ಐತ್ರಿ.”

“ನನ್ನ ನಾಲಿಗಿ ಸುಳ್ಳ ಹೇಳ್ತೈತೇನ?”

“ನಾಲಿಗಿ ವಿಚಾರ ನಾ ಏನ ಹೇಳ್ಲಿ, ಓಣಿಗೆ ಗೊತ್ತೈತ್ರಿ.”

ಮಾತಿಗೆ ಮಾತು ಬೆಳೆದು ಉಪ್ಪಿನಿಂದ ಎಣ್ಣೆಗೆ, ಎಣ್ಣೆಯಿಂದ ಗಂಗಾಂಬಿಕಾಳ ತವರಿನ ಅಡುಗೆಗೆ ಹೋಯಿತು. ಇಬ್ಬರ ದನಿಯೂ ಏರಿತ್ತು. ಕಲ್ಮೇಶ ಯಾರ ಕಡೆಗೂ ನೋಡದೆ, ಪಾತ್ರೆಯಲ್ಲಿ ಉಳಿದಿದ್ದ ಬದನೆಕಾಯಿಯನ್ನೆಲ್ಲ ತನ್ನ ತಾಟಿಗೆ ಬಡಿಸಿಕೊಂಡ.